ಎಳ್ಳಮಾವಾಸ್ಯೆಯ ಭಜ್ಜಿ ಮತ್ತು ಒಂಟಿ ತೊಗರಿ

ಪ್ರತಿ ವರ್ಷ ಎಳ್ಳಮಾವಾಸ್ಯೆಗೆ ನಮ್ಮ ಬಳಗದವರೆಲ್ಲ ಹೈದರಾಬಾದಿನ ಹೊರವಲಯದ ಒಂದು ಮಾವಿನ ತೋಪಿನಲ್ಲಿ ಸೇರುವ ವಾಡಿಕೆಯಿದೆ. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರುಗಳಿಂದ ಎರಡು ಮೂರು ತಲೆಮಾರುಗಳ ಹಿಂದೆ ಇಲ್ಲಿಗೆ ಬಂದು ನೆಲೆನಿಂತ ಮನೆಗಳೇ ನಮ್ಮಲ್ಲಿ ಹೆಚ್ಚು. ಹೊಲವಿಲ್ಲದ ಊರಿನಲ್ಲಿ ಹೊಲದ ಹಬ್ಬ ಮಾಡುವುದು ತುಸು ವಿಚಿತ್ರವೇ. ಆದರೂ ತೋಪಿನ ಒಂದು ಮೂಲೆಯಲ್ಲಿ ಐದು ಕಲ್ಲುಗಳನ್ನಿಟ್ಟು, ಸುಣ್ಣ ಬಳಿದು, ಎಲ್ಲಿಂದಲೋ ತಂದ ನಾಲ್ಕು ಜೋಳದ ದಂಟುಗಳನ್ನು ಕೊಂಪೆಯಂತೆ ನಿಲ್ಲಿಸಿ ಪೂಜಿಸುತ್ತೇವೆ, ಚರಗ ಚೆಲ್ಲುತ್ತೇವೆ, ಆಮೇಲೆ ಪಂಕ್ತಿಯಲ್ಲಿ ಕುಳಿತು ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ, ಭಜ್ಜಿ ಉಣ್ಣುತ್ತೇವೆ.

ಮೈಸೂರು, ಮಂಗಳೂರು ಕಡೆಯ ಓದುಗರಿಗಾಗಿ ಒಂದು ಮಾತು: ನಮ್ಮ ಭಜ್ಜಿ ಎಣ್ಣೆಯಲ್ಲಿ ಕರಿದ ತಿಂಡಿಯಲ್ಲ. ಆ ಹೊತ್ತಿಗೆ ಹೊಲದಲ್ಲಿ ಹಸಿಯಾಗಿ ಸಿಗುವುದನ್ನೆಲ್ಲ ಒಂದೇ ಗಡಿಗೆಯಲ್ಲಿ ಬೇಯಿಸಿ, ಹುಣಸೆಹುಳಿ ಹಿಂಡಿ, ಕಡಲೆಹಿಟ್ಟು ಕದಡಿ ಮಾಡುವ ಪಲ್ಯ ಅದು. ಹಸಿ ತೊಗರಿ, ಅವರೆ, ಹಸಿ ಕಡಲೆ, ಅಲಸಂದೆ, ಶೇಂಗಾ, ಮೆಂತ್ಯೆ, ಉಳ್ಳಾಗಡ್ಡಿಯ ಸೊಪ್ಪು, ಗಜ್ಜರಿ, ಬದನೆ, ಬಾರೆಕಾಯಿ, ಹೀಗೆ ಮನೆಮನೆಗೂ ಪಟ್ಟಿ ಬೇರೆ. ಹೋದ ವರ್ಷ ಇವನ್ನೆಲ್ಲ ಸಿಕಂದರಾಬಾದಿನ ಮೋಂಡಾ ಮಾರುಕಟ್ಟೆಯಿಂದ ಕೊಂಡು ತಂದದ್ದಕ್ಕೆ ನಮ್ಮಲ್ಲೊಬ್ಬರು ಬೇಸರದಿಂದ, ಊರಿನ ಭಜ್ಜಿಯ ರುಚಿ ಇದಕ್ಕೆಲ್ಲಿಂದ ಬರಬೇಕು ಎಂದರು. ಪಕ್ಕದಲ್ಲಿ ಕುಳಿತಿದ್ದ, ಆಳಂದದ ಕಡೆಯಿಂದ ಮಗಳ ಮನೆಗೆ ಬಂದಿದ್ದ ಹಿರಿಯರೊಬ್ಬರು ನಕ್ಕು, “ಊರಾಗೂ ಈಗ ಸಂತಿಯಿಂದ ತಂದೇ ಭಜ್ಜಿ ಮಾಡ್ತಾರವ್ವ. ಹೊಲದಾಗ ತೊಗರಿ ಬಿಟ್ರ ಏನದ?” ಎಂದರು.

ಆ ಮಾತು ನಮ್ಮನ್ನು ಬಿಡಲಿಲ್ಲ. ಹಬ್ಬದಿಂದ ದೂರವಾದವರು ನಾವು ಮಾತ್ರ ಎಂದು ಭಾವಿಸಿದ್ದೆವು. ಹೊಲದ ನಡುವೆ ಇರುವವರೂ ಅಷ್ಟೇ ದೂರವಾಗಿದ್ದಾರೆ ಎಂಬುದು ಹೊಸ ಸಂಗತಿ. ಭಜ್ಜಿಯ ಗಡಿಗೆ ಒಂದು ಬಗೆಯ ಲೆಕ್ಕಪುಸ್ತಕ. ಹೊಲದಲ್ಲಿ ಏನೇನು ಬೆಳೆದಿದೆ ಎಂಬುದನ್ನು ವರ್ಷಕ್ಕೊಮ್ಮೆ ಅದರಲ್ಲಿ ಬರೆದಿಡುತ್ತಿದ್ದರು. ಆ ಲೆಕ್ಕದಲ್ಲಿ ಇಂದು ಒಂದೇ ಹೆಸರು ಉಳಿದಿದೆ. ಇದು ಹೇಗಾಯಿತು, ಇದರಿಂದ ಯಾರಿಗೆ ಏನು ಹೋಯಿತು, ಇದರಲ್ಲಿ ನಮ್ಮ ಪಾಲೆಷ್ಟು ಎಂಬುದನ್ನು ಇಲ್ಲಿ ಚರ್ಚಿಸಬೇಕೆಂದಿದ್ದೇವೆ.

ಐವತ್ತು ಅರುವತ್ತು ವರ್ಷಗಳ ಹಿಂದಿನ ಕಲಬುರಗಿಯ ಎರೆಹೊಲವನ್ನು ನೆನೆಯುವವರು ಇನ್ನೂ ನಮ್ಮ ನಡುವೆ ಇದ್ದಾರೆ. ಮುಂಗಾರಿ ಬಿತ್ತನೆಯಲ್ಲಿ ಜೋಳದ ಸಾಲುಗಳ ನಡುವೆ ತೊಗರಿಯ ಸಾಲು ಬೀಳುತ್ತಿತ್ತು. ಹೆಸರು, ಉದ್ದು, ಎಳ್ಳು, ಮಡಕಿಗಳಿಗೆ ಅಲ್ಲಲ್ಲಿ ಜಾಗವಿತ್ತು. ಪುಂಡಿ, ಗುರೆಳ್ಳು ಅಕ್ಕಡಿ ಸಾಲಿಗೆ ಬರುತ್ತಿದ್ದವು. ಹಿಂಗಾರಿಯಲ್ಲಿ ಬಿಳಿಜೋಳದ ಹೊಲದ ಅಂಚಿಗೆ ಕುಸುಬೆಯ ಸಾಲುಗಳಿದ್ದವು. ಅದರ ಮುಳ್ಳು ದನಗಳನ್ನು ತಡೆಯುತ್ತಿತ್ತು, ಕಾಳು ಗಾಣಕ್ಕೆ ಹೋಗುತ್ತಿತ್ತು. ಇದನ್ನು ಯಾರೂ ಪರಿಸರಪ್ರೇಮದಿಂದ ಮಾಡುತ್ತಿರಲಿಲ್ಲ. ಮಳೆಯನ್ನು ನಂಬುವಂತಿರಲಿಲ್ಲ, ಅಂಗಡಿಯಿಂದ ಬೇಳೆ ಎಣ್ಣೆ ತರಲು ಕೈಯಲ್ಲಿ ರೊಕ್ಕವಿರಲಿಲ್ಲ. ‘ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ’ ಎಂಬ ಗಾದೆ ಬೆಳೆಗೂ ಸಲ್ಲುವ ಮಾತಾಗಿತ್ತು.

ಜೋಳ ಮತ್ತು ತೊಗರಿಯ ಜೋಡಿ ಏಕೆ ಹೊಂದುತ್ತದೆ ಎಂಬುದನ್ನು ತುಸು ಬಿಡಿಸಿ ನೋಡಬೇಕು. ತೊಗರಿ ಸೋಮಾರಿ ಗಿಡ. ಮೊದಲ ಎರಡು ತಿಂಗಳು ಅದು ನೆಲದಿಂದ ಏಳುವುದೇ ನಿಧಾನ. ಅದರ ಅವಧಿ ಐದೂವರೆ ಆರು ತಿಂಗಳು. ಜೋಳ ಚುರುಕು. ತೊಗರಿ ಇನ್ನೂ ಕೈಕಾಲು ಚಾಚುವ ಮೊದಲೇ ಜೋಳ ಬೆಳೆದು, ತೆನೆ ಹಿಡಿದು, ನಾಲ್ಕು ತಿಂಗಳೊಳಗೆ ಕಣಕ್ಕೆ ಹೋಗುತ್ತದೆ. ಆಗ ತೆರವಾದ ಬಿಸಿಲನ್ನೂ ಜಾಗವನ್ನೂ ತೊಗರಿ ತನ್ನದಾಗಿಸಿಕೊಳ್ಳುತ್ತದೆ. ಜೋಳದ ಬೇರು ಜಡೆಯಂತೆ ಮೇಲ್ಮಣ್ಣಿನಲ್ಲಿ ಹಬ್ಬುತ್ತದೆ. ತೊಗರಿಯ ತಾಯಿಬೇರು ಆಳಕ್ಕಿಳಿದು, ಮಳೆ ನಿಂತ ಮೇಲೂ ಎರೆಮಣ್ಣಿನ ಒಡಲಲ್ಲಿ ಉಳಿದ ತೇವವನ್ನು ಎಳೆಯುತ್ತದೆ. ತೊಗರಿಯ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಕಟ್ಟಿಕೊಡುತ್ತವೆ. ಉದುರುವ ಎಲೆ ಮುಂದಿನ ಬೆಳೆಗೆ ಗೊಬ್ಬರವಾಗುತ್ತದೆ. ಹೀಗೆ ಎರಡೂ ಬೆಳೆಗಳು ಒಂದೇ ಹೊಲದಲ್ಲಿದ್ದರೂ ಅವುಗಳ ಹೊತ್ತು ಬೇರೆ, ಆಳ ಬೇರೆ, ಆಹಾರ ಬೇರೆ.

ಇದನ್ನು ಅಳೆದು ನೋಡಿದವರು ನಮ್ಮ ನೆರೆಯವರೇ. ಹೈದರಾಬಾದಿನ ಪಕ್ಕದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆ ಒಣಬೇಸಾಯದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರ. ಅಲ್ಲಿನ ವಿಜ್ಞಾನಿಗಳಾದ ಎಂ. ಆರ್. ರಾವ್ ಮತ್ತು ಆರ್. ಡಬ್ಲ್ಯು. ವಿಲಿ ಅವರು ಜೋಳ ಮತ್ತು ತೊಗರಿಯ ಕುರಿತು ನಡೆದ 94 ಪ್ರಯೋಗಗಳ ಫಲಿತಾಂಶವನ್ನು ಒಟ್ಟುಗೂಡಿಸಿ 1980ರಲ್ಲಿ ಪ್ರಕಟಿಸಿದರು. ಅವರು ಕೇಳಿಕೊಂಡ ಪ್ರಶ್ನೆ ಬಹಳ ಸರಳವಾದದ್ದು: ಇಷ್ಟಕ್ಕಿಂತ ಕಡಿಮೆ ಬಂದರೆ ರೈತನ ಸಂಸಾರ ಮುಳುಗಿತು ಎಂದು ಒಂದು ಮಟ್ಟವನ್ನು ಗುರುತಿಸಿದರೆ, ಎಷ್ಟು ವರ್ಷಕ್ಕೊಮ್ಮೆ ಹಾಗಾಗುತ್ತದೆ? ತೊಗರಿಯೊಂದನ್ನೇ ಬೆಳೆದರೆ 5 ವರ್ಷಕ್ಕೊಮ್ಮೆ. ಜೋಳವೊಂದನ್ನೇ ಬೆಳೆದರೆ 8 ವರ್ಷಕ್ಕೊಮ್ಮೆ. ಎರಡನ್ನೂ ಕೂಡಿಸಿ ಬೆಳೆದರೆ 36 ವರ್ಷಕ್ಕೊಮ್ಮೆ.

ಈ ಮೂರು ಅಂಕಿಗಳನ್ನು ನಮ್ಮ ಬಳಗದ ಸಭೆಯಲ್ಲಿ ಓದಿದಾಗ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ರೈತನೊಬ್ಬ ಬೇಸಾಯ ಮಾಡುವುದು ಹೆಚ್ಚೆಂದರೆ ನಲವತ್ತು ವರ್ಷ. ಅಷ್ಟರಲ್ಲಿ ಎಂಟು ಬಾರಿ ಮುಳುಗುವುದಕ್ಕೂ ಒಂದು ಬಾರಿ ಮುಳುಗುವುದಕ್ಕೂ ಇರುವ ಅಂತರವೆಂದರೆ ಹೊಲ ಉಳಿಯುವುದಕ್ಕೂ ಮಾರಿಹೋಗುವುದಕ್ಕೂ ಇರುವ ಅಂತರ. ಓದುಬರಹವಿಲ್ಲದ ಒಕ್ಕಲಿಗರು ಹಿಂದಿನಿಂದ ನಡೆಸಿಕೊಂಡು ಬಂದದ್ದರ ಬೆಲೆ ಈ ಅಂಕಿಗಳಲ್ಲಿದೆ.

ಹಾಗಾದರೆ ಇಷ್ಟು ಒಳ್ಳೆಯದನ್ನು ಜನ ಏಕೆ ಬಿಟ್ಟರು? ಮೂರ್ಖತನದಿಂದ ಎಂದು ಹೇಳುವವರು ಹೊಲಕ್ಕೆ ಇಳಿಯದವರು. ತೊಗರಿಗೆ ಬೆಲೆಯಿದೆ, ಬೆಂಬಲ ಬೆಲೆಯ ಖರೀದಿಯಿದೆ, ದಾಲ್‌ಮಿಲ್ಲುಗಳಿವೆ. ‘ತೊಗರಿಯ ಕಣಜ’ ಎಂಬ ಹೆಸರು ಕಲಬುರಗಿಗೆ ಸುಮ್ಮನೆ ಬಂದದ್ದಲ್ಲ. 2019ರಲ್ಲಿ ಗುಲ್ಬರ್ಗಾ ತೊಗರಿಬೇಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ಜೋಳಕ್ಕಾದರೋ ಹಕ್ಕಿ ಕಾಯಬೇಕು. ಕವಣೆ ಹಿಡಿದು ಅಟ್ಟದ ಮೇಲೆ ನಿಲ್ಲುತ್ತಿದ್ದ ಹುಡುಗರು ಈಗ ಶಾಲೆಯಲ್ಲಿದ್ದಾರೆ, ಅಲ್ಲೇ ಇರಬೇಕು. ಮುಂಗಾರಿ ಜೋಳ ಕೊಯ್ಲಿಗೆ ಬರುವ ಹೊತ್ತಿಗೆ ಮಳೆ ಹಿಡಿದರೆ ತೆನೆ ಕಪ್ಪಾಗುತ್ತದೆ, ಬೆಲೆ ಬೀಳುತ್ತದೆ. ಪಡಿತರದಲ್ಲಿ ಅಕ್ಕಿ ಬಂದ ಮೇಲೆ ಉಣ್ಣಲು ಜೋಳ ಬೆಳೆಯಲೇಬೇಕೆಂಬ ಒತ್ತಡವೂ ಸಡಿಲಿತು. ಹಸಿದ ಮನೆಗೆ ಅಕ್ಕಿ ಬಂದದ್ದನ್ನು ನಾವು ಆಕ್ಷೇಪಿಸುವುದಿಲ್ಲ. ಜೊತೆಗೆ ಕಳೆನಾಶಕ ಬಂತು. ಒಂದೇ ಬೆಳೆಯಿದ್ದರೆ ಸಿಂಪಡಿಸುವುದು ಸುಲಭ. ಹತ್ತು ಬಗೆಯ ಗಿಡಗಳಿದ್ದರೆ ಒಂದನ್ನು ಉಳಿಸುವ ಔಷಧ ಇನ್ನೊಂದನ್ನು ಕೊಲ್ಲುತ್ತದೆ. ಕೊಯ್ಯುವ ಯಂತ್ರವೂ ಒಂದೇ ಎತ್ತರದ, ಒಂದೇ ಕಾಲಕ್ಕೆ ಮಾಗುವ ಹೊಲವನ್ನೇ ಕೇಳುತ್ತದೆ. ಇವೆಲ್ಲವೂ ರೈತನ ಕಣ್ಣಿಗೆ ಕಾಣುವ, ಕೈಗೆ ಹತ್ತುವ ಲಾಭಗಳು. ನಷ್ಟ ಮಾತ್ರ ನಿಧಾನವಾಗಿ, ಬೇರಿನ ಕಡೆಯಿಂದ ಬಂತು.

ಅದು ಮೊದಲು ದೊಡ್ಡದಾಗಿ ಕಂಡದ್ದು 1997–98ರ ಹಂಗಾಮಿನಲ್ಲಿ. ಬೀದರ್, ಕಲಬುರಗಿಗಳಲ್ಲಿ ತೊಗರಿಗೆ ಕಾಯಿಕೊರಕ ಬಿದ್ದು ಬೆಳೆ ಹೋಯಿತು. ಸಾಲ ಮಾಡಿ ತಂದ ಔಷಧ ಫಲಿಸಲಿಲ್ಲ. ಬೀದರ್ ಜಿಲ್ಲೆಯಲ್ಲಿ ರೈತರ ಆತ್ಮಹತ್ಯೆಗಳು ನಡೆದವು. ಮಾನವಶಾಸ್ತ್ರಜ್ಞೆ ಎ. ಆರ್. ವಾಸವಿ ಅವರು ಆ ಸಾವುಗಳ ಹಿನ್ನೆಲೆಯನ್ನು ಅಧ್ಯಯನ ಮಾಡಿ ಬರೆದಿದ್ದಾರೆ. ಜೋಳವಿದ್ದರೆ ಕೊರಕ ಬರುತ್ತಿರಲಿಲ್ಲ ಎಂದು ನಾವು ಹೇಳುವುದಿಲ್ಲ. ಜೋಳ ಅದಕ್ಕೆ ಮದ್ದಲ್ಲ. ಆದರೆ ಕೊರಕ ತೊಗರಿಯ ಹೂವಿಗೂ ಕಾಯಿಗೂ ಬೀಳುವ ಹೊತ್ತಿಗೆ ಜೋಳ ಮನೆ ಸೇರಿರುತ್ತಿತ್ತು. ತೊಗರಿ ಹೋದ ವರ್ಷವೂ ರೊಟ್ಟಿ ಇರುತ್ತಿತ್ತು, ಎತ್ತಿಗೆ ಕಣಿಕೆ ಇರುತ್ತಿತ್ತು, ಅಂಗಡಿಕಾರನ ಬಾಗಿಲಿಗೆ ಅಷ್ಟು ಬೇಗ ಹೋಗಬೇಕಾಗುತ್ತಿರಲಿಲ್ಲ.

ಎರಡನೆಯ ಪೆಟ್ಟು 2022ರದು. ಆ ಮಳೆಗಾಲದಲ್ಲಿ ಹೊಲಗಳಲ್ಲಿ ನೀರು ನಿಂತಿತು. ಮಳೆ ಬಿಟ್ಟ ಮೇಲೆ, ಕಾಯಿ ಕಟ್ಟುವ ಹೊತ್ತಿಗೆ, ಗಿಡಗಳು ನಿಂತಲ್ಲೇ ಒಣಗತೊಡಗಿದವು. ನಮ್ಮ ಕಡೆಯವರು ಇದನ್ನು ನೆಟೆ ರೋಗ ಎನ್ನುತ್ತಾರೆ. ಕಲಬುರಗಿ ಸೀಮೆಯಲ್ಲಿ ಲಕ್ಷಗಟ್ಟಲೆ ಎಕರೆ ತೊಗರಿ ಹಾಗೆ ಒಣಗಿ ನಿಂತಿತು. ನೆಟೆಯನ್ನು ತರುವ ಶಿಲೀಂಧ್ರ ಮಣ್ಣಿನಲ್ಲಿ, ಹಳೆಯ ಬೇರಿನ ತುಣುಕುಗಳಲ್ಲಿ ಹಲವು ವರ್ಷ ಬದುಕಿರಬಲ್ಲದು. ವರ್ಷ ವರ್ಷವೂ ಅದೇ ಹೊಲಕ್ಕೆ ತೊಗರಿಯನ್ನೇ ಬಿತ್ತುವುದೆಂದರೆ ಅದಕ್ಕೆ ತಪ್ಪದೆ ಊಟ ಬಡಿಸಿದಂತೆ. ಇದಕ್ಕೆ ಪ್ರತಿಯಾಗಿ ರೋಗನಿರೋಧಕ ತಳಿಗಳು ಬಂದಿವೆ. 1980ರ ದಶಕದಲ್ಲಿ ಬಂದ ‘ಮಾರುತಿ’ ತಳಿ ನಮ್ಮ ಸೀಮೆಯ ರೈತರಿಗೆಲ್ಲ ಪರಿಚಿತ. ಅದೇ ದಶಕದಲ್ಲಿ ಪಟಾನ್‌ಚೆರುವಿನಲ್ಲಿಯೇ ಇನ್ನೊಂದು ಸಂಗತಿಯೂ ಕಂಡುಬಂದಿತ್ತು: ಜೋಳದೊಂದಿಗೆ ಬೆಳೆದ ತೊಗರಿಯಲ್ಲಿ, ಒಂಟಿಯಾಗಿ ಬೆಳೆದ ತೊಗರಿಗಿಂತ ನೆಟೆ ಎದ್ದುಕಾಣುವಷ್ಟು ಕಡಿಮೆ. ತಳಿ ಎಲ್ಲ ಕಡೆ ಹರಡಿತು, ಏಕೆಂದರೆ ತಳಿಯನ್ನು ಚೀಲದಲ್ಲಿ ತುಂಬಿ ಮಾರಬಹುದು. ಜೋಳದ ಸಾಲನ್ನು ಚೀಲದಲ್ಲಿ ತುಂಬಲು ಬರುವುದಿಲ್ಲ. ಅದನ್ನು ಪ್ರಚಾರ ಮಾಡಲು ಯಾವ ಅಂಗಡಿಯವನಿಗೂ ಕಾರಣವಿರಲಿಲ್ಲ.

ಇಷ್ಟು ಮಣ್ಣಿನ ಮಾತಾಯಿತು. ಮನುಷ್ಯರ ಮಾತು ಇದಕ್ಕಿಂತ ಕಠಿಣ. ಬಹುಬೆಳೆಯ ಹೊಲದಲ್ಲಿ ಕೆಲಸ ವರ್ಷದುದ್ದಕ್ಕೂ ಹರಡಿಕೊಂಡಿರುತ್ತಿತ್ತು. ಶ್ರಾವಣದ ಆಸುಪಾಸಿನಲ್ಲಿ ಹೆಸರು ಬಿಡಿಸಬೇಕು, ಆಮೇಲೆ ಉದ್ದು, ಎಳ್ಳು, ದೀಪಾವಳಿಯ ಹಿಂದುಮುಂದಿಗೆ ಜೋಳ, ಸಂಕ್ರಾಂತಿಗೆ ತೊಗರಿ, ಅದರ ಬೆನ್ನಿಗೆ ಹಿಂಗಾರಿ ಜೋಳ, ಕುಸುಬೆ, ಕಡಲೆ. ಭೂಮಿಯಿಲ್ಲದ ಮನೆಗೆ ಪ್ರತಿ ತಿಂಗಳೂ ಎಷ್ಟೋ ದಿನದ ಕೂಲಿ, ಕೂಲಿಯ ಜೊತೆಗೆ ಕಾಳು ದೊರೆಯುತ್ತಿತ್ತು. ಕೊಯ್ಲಾದ ಹೊಲದಲ್ಲಿ ಹಕ್ಕಲಾಯುವ ಅವಕಾಶ ಬಡ ಹೆಂಗಸರಿಗಿತ್ತು. ಕಳೆಯ ಹೆಸರಿನಲ್ಲಿ ಬರುವ ಹಕ್ಕರಕಿ, ರಾಜಗಿರಿಯಂಥ ಸೊಪ್ಪುಗಳು ಯಾರ ಹೊಲದಲ್ಲಿ ಬೆಳೆದರೂ ಎಲ್ಲರ ಗಂಗಾಳಕ್ಕೂ ಬರುತ್ತಿದ್ದವು. ಒಂಟಿ ತೊಗರಿಯ ಹೊಲದಲ್ಲಿ ಬಿತ್ತನೆಯ ನಾಲ್ಕು ದಿನ, ಕೊಯ್ಲಿನ ನಾಲ್ಕು ದಿನ ಬಿಟ್ಟರೆ ಕೂಲಿಯಿಲ್ಲ. ಯಂತ್ರ ಬಂದ ಮೇಲೆ ಕೊಯ್ಲಿನದೂ ಇಲ್ಲ. ಕಳೆನಾಶಕ ಹೊಡೆದಲ್ಲಿ ಸೊಪ್ಪೂ ಇಲ್ಲ.

ಉಳಿದ ತಿಂಗಳುಗಳಲ್ಲಿ ಆ ಜನ ಎಲ್ಲಿರುತ್ತಾರೆ? ನಮ್ಮ ನಡುವೆಯೇ ಇರುತ್ತಾರೆ. ಗುಳೆ ಎಂಬ ಶಬ್ದಕ್ಕೆ ಅರ್ಥ ಬೇಕಾದವರು ಹೈದರಾಬಾದಿನ, ಪುಣೆಯ, ಮುಂಬಯಿಯ ಯಾವುದೇ ಹೊಸ ಕಟ್ಟಡದ ಬುಡದಲ್ಲಿರುವ ತಗಡಿನ ಜೋಪಡಿಗಳ ಬಳಿ ನಿಂತು ಕಿವಿಗೊಟ್ಟರೆ ಸಾಕು. ನಮ್ಮದೇ ಕನ್ನಡ ಕೇಳಿಬರುತ್ತದೆ. ನಾವು ವಾಸಿಸುವ ಮನೆಗಳ ಎಷ್ಟೋ ಇಟ್ಟಿಗೆಗಳನ್ನು ಎತ್ತಿಕೊಟ್ಟವರು ಯಾದಗಿರಿ, ಸೇಡಂ, ಚಿತ್ತಾಪುರಗಳ ಕಡೆಯವರು. ರಾಜ್ಯೋತ್ಸವದ ಆಮಂತ್ರಣ ಪತ್ರಿಕೆ ಅವರ ಜೋಪಡಿಗೆ ಹೋದದ್ದಿಲ್ಲ. ಹೊರನಾಡ ಕನ್ನಡಿಗರು ಎಂದಾಗ ನಾವು ನಮ್ಮನ್ನಷ್ಟೇ ಎಣಿಸಿಕೊಳ್ಳುತ್ತೇವೆ.

ಹೆಂಗಸರ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಮುಖ್ಯ ಬೆಳೆ ಗಂಡಸಿನ ಲೆಕ್ಕದ್ದು. ಅಕ್ಕಡಿ ಸಾಲು ಬಹುಮಟ್ಟಿಗೆ ಹೆಂಗಸಿನದು. ಯಾವ ಬೀಜವನ್ನು ಬೂದಿಯಲ್ಲಿಡಬೇಕು, ಯಾವುದಕ್ಕೆ ಬೇವಿನೆಲೆ ಸಾಕು, ಯಾವ ವರ್ಷ ಮಡಕಿ ಹೆಚ್ಚು ಹಾಕಬೇಕು ಎಂಬುದು ಅವಳಿಗೆ ಗೊತ್ತಿರುತ್ತಿತ್ತು. ಬೀಜ ಅಂಗಡಿಯಿಂದ ಬರತೊಡಗಿದಾಗ ಹೊಲದ ನಿರ್ಧಾರದಲ್ಲಿ ಅವಳಿಗಿದ್ದ ಚೂರು ಅಧಿಕಾರವೂ ಹೋಯಿತು. ಗುರೆಳ್ಳಿನ ಹಿಂಡಿ, ಅಗಸಿ ಹಿಂಡಿ, ಪುಂಡಿಪಲ್ಯಗಳು ಮನೆಯ ಕೈಯಿಂದ ಖಾನಾವಳಿಯ ಫಲಕಕ್ಕೆ ಹೋದವು.

ಇಲ್ಲಿ ಒಂದು ತಪ್ಪೊಪ್ಪಿಗೆಯ ಅಗತ್ಯವಿದೆ. ನಮ್ಮ ಬಳಗದಲ್ಲಿ ಊರಿನಲ್ಲಿ ಹೊಲ ಉಳಿಸಿಕೊಂಡಿರುವ ಮನೆಗಳು ಕೆಲವಿವೆ. ಹೊಲ ಬಿಟ್ಟುಬಂದವರು ಅದನ್ನು ಲಾವಣಿಗೆ ಹಾಕುತ್ತೇವೆ. ಯುಗಾದಿಗೆ ಇಷ್ಟು ಎಂದು ರೊಕ್ಕ ಮುಂಗಡವಾಗಿ ಎಣಿಸಿಕೊಳ್ಳುತ್ತೇವೆ. ಬೆಳೆ ಬರಲಿ ಬಾರದಿರಲಿ, ಅದು ನಮ್ಮ ಚಿಂತೆಯಲ್ಲ. ಒಂದು ವರ್ಷಕ್ಕೆ ಮಾತ್ರ ಹೊಲ ಹಿಡಿದವನು, ಸಾಲ ತಂದು ಲಾವಣಿ ಕಟ್ಟಿದವನು, ಮಣ್ಣಿನ ಹತ್ತು ವರ್ಷದ ಆರೋಗ್ಯವನ್ನು ಹೇಗೆ ಯೋಚಿಸಿಯಾನು? ಅವನು ಅತಿ ಬೇಗ, ಅತಿ ಹೆಚ್ಚು ರೊಕ್ಕ ತರುವ ಒಂದನ್ನೇ ಬಿತ್ತುತ್ತಾನೆ. ಊರಿನ ಹೊಲಗಳು ಒಂಟಿಬೆಳೆಯವಾದವು ಎಂದು ಸಭೆಗಳಲ್ಲಿ ಮರುಗುವ ನಾವೇ ಅವು ಹಾಗಾಗಲು ಕಾರಣರಲ್ಲಿ ಸೇರಿದ್ದೇವೆ.

ನಮ್ಮಲ್ಲೊಂದು ಮನೆಯ ಆರು ಎಕರೆ ಎರೆಭೂಮಿ ಆಳಂದ ತಾಲ್ಲೂಕಿನಲ್ಲಿದೆ. 2022ರಲ್ಲಿ ಅದನ್ನು ಹಿಡಿದಿದ್ದ ದಂಪತಿ ಆರಕ್ಕೆ ಆರು ಎಕರೆಗೂ ತೊಗರಿ ಹಾಕಿದ್ದರು. ನೆಟೆ ಹತ್ತಿತು. ಸಂಕ್ರಾಂತಿ ಕಳೆದ ಮೇಲೆ ಅವರಿಬ್ಬರೂ ಗಚ್ಚಿಬೌಲಿಯ ಕಡೆ ಕಟ್ಟಡದ ಕೆಲಸಕ್ಕೆ ಬಂದವರು, ಒಂದು ಭಾನುವಾರ ಹೊಲದ ಮಾಲೀಕರ ಮನೆಗೂ ಬಂದರು. ಹಣ ಕೇಳಲು ಬಂದಿರಬಹುದೆಂದು ಮನೆಯವರು ಅಂಜಿದ್ದರು. ಅವರು ಕೇಳಲಿಲ್ಲ, ಮುಂದಿನ ವರ್ಷ ಹೊಲ ಹಿಡಿಯಲಾಗುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿರಿ ಎಂದು ಹೇಳಿ, ಚಹಾ ಕುಡಿದು ಹೋದರು. ಅಷ್ಟರಲ್ಲಿ ಬೆಳೆಹಾನಿಯ ಪರಿಹಾರ ಬಂದಿತು. ಪಹಣಿಯಲ್ಲಿ ಯಾರ ಹೆಸರಿದೆಯೋ ಅವರ ಖಾತೆಗೆ ಅದು ಬರುತ್ತದೆ. ಅಂದರೆ, ಒಂದು ರೂಪಾಯಿ ಕಳೆದುಕೊಳ್ಳದವರಿಗೆ ಬಂತು. ಅದನ್ನು ಆ ದಂಪತಿಗೆ ತಲುಪಿಸಲು ಎಂಟು ತಿಂಗಳು ಹಿಡಿಯಿತು. ಕೊಡಲು ಮನಸ್ಸಿರಲಿಲ್ಲವೆಂದಲ್ಲ, ಹಾಗೆ ಕೊಡಬೇಕಾದದ್ದು ಎಂಬುದೇ ಅಷ್ಟು ದಿನ ಹೊಳೆದಿರಲಿಲ್ಲ. ಇದನ್ನು ಬರೆಯುವಾಗ ಆ ಮನೆಯವರ ಒಪ್ಪಿಗೆ ಕೇಳಿದೆವು. ‘ಬರೆಯಿರಿ, ನಮ್ಮಂಥವರು ಬಹಳ ಜನ ಇದ್ದೇವೆ’ ಎಂದರು.

ಬೇರೆ ದಾರಿ ಇದೆಯೇ ಎಂದು ಕೇಳುವವರು ಮುಂಬಯಿ ಹೆದ್ದಾರಿಯಲ್ಲಿ ನೂರು ಕಿಲೋಮೀಟರ್ ಹೋದರೆ ಸಾಕು. ಬೀದರ್ ಗಡಿಗೆ ಅಂಟಿಕೊಂಡ ಜಹೀರಾಬಾದ್ ಸೀಮೆಯ ಹಳ್ಳಿಗಳಲ್ಲಿ, 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಆಶ್ರಯದಲ್ಲಿ, ಹೆಚ್ಚಾಗಿ ದಲಿತ ಮಹಿಳೆಯರಿಂದ ಕೂಡಿದ ಸಂಘಗಳು ಬೀಳುಭೂಮಿಯನ್ನು ಹಸನು ಮಾಡಿ ಬಹುಬೆಳೆಯ ಬೇಸಾಯವನ್ನು ಮತ್ತೆ ಕಟ್ಟಿವೆ. ಒಂದೇ ತುಂಡು ಹೊಲದಲ್ಲಿ ಇಪ್ಪತ್ತರ ಆಸುಪಾಸಿನ ಬೆಳೆಗಳು, ನೀರಾವರಿಯಿಲ್ಲದೆ. ಬೀಜ ಅವರದೇ, ಊರೂರಿಗೆ ಅವರೇ ಕಾಯುವ ಬೀಜದ ಬುಟ್ಟಿಗಳಿವೆ. 1990ರ ದಶಕದಲ್ಲಿ ಅವರು ತಮ್ಮದೇ ಪಡಿತರ ವ್ಯವಸ್ಥೆಯನ್ನು ಮಾಡಿಕೊಂಡರು: ಬೀಳುಬಿದ್ದ ಹೊಲ ಉಳಲು ಸಾಲ ಪಡೆದವರು ಜೋಳದ ರೂಪದಲ್ಲಿ ತೀರಿಸಬೇಕು, ಆ ಜೋಳ ಊರಿನ ಕಡುಬಡವರಿಗೆ ಅಗ್ಗದ ಬೆಲೆಗೆ ಹೋಗಬೇಕು. 2008ರಲ್ಲಿ ತಮ್ಮದೇ ಸಮುದಾಯ ಬಾನುಲಿಯನ್ನೂ ಆರಂಭಿಸಿದರು. 2019ರಲ್ಲಿ ಈ ಮಹಿಳೆಯರ ಸಂಘಗಳಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಇಕ್ವೇಟರ್ ಪ್ರಶಸ್ತಿ ಸಂದಿತು. ಈ ಕಾರ್ಯದ ಹಿಂದಿದ್ದ ಪಿ. ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿ, ದೂರದರ್ಶನದಲ್ಲಿ ದುಡಿದು, ಆಮೇಲೆ ಈ ಸೀಮೆಗೆ ಬಂದು ನೆಲೆಸಿದವರು. 2023ರ ಮಾರ್ಚಿಯಲ್ಲಿ ತೀರಿಕೊಂಡರು. ಹೊರನಾಡ ಕನ್ನಡಿಗರ ಸಾಧನೆಯ ಪಟ್ಟಿ ಮಾಡುವಾಗ ನಾವು ಮರೆಯಬಾರದ ಹೆಸರಿದು.

ಇಷ್ಟು ಹೇಳಿದ ಮೇಲೆ ಎದುರುಮಾತನ್ನೂ ಪ್ರಾಮಾಣಿಕವಾಗಿ ಕೇಳಬೇಕು. ಹಳೆಯ ಬಹುಬೆಳೆಯ ಹೊಲ ಸುವರ್ಣಯುಗದ ಹೊಲವಾಗಿರಲಿಲ್ಲ. ಅದು ಅಗ್ಗದ ಕೂಲಿಯ ಮೇಲೆ, ಜಾತಿಯ ದುಡಿಮೆಯ ಮೇಲೆ, ಹೆಂಗಸರ ಲೆಕ್ಕಕ್ಕೆ ಸಿಗದ ಶ್ರಮದ ಮೇಲೆ ನಿಂತಿತ್ತು. ಹಗೇವಿನಲ್ಲಿ ಜೋಳ ತುಂಬಿದ್ದವರು ಕೆಲವರು. ಅದರ ಬಾಯಿ ತೆರೆಯುವುದನ್ನು ಕಾದು ನಿಲ್ಲುತ್ತಿದ್ದವರು ಹಲವರು. 1972ರ ಬರ ಬಂದಾಗ ಬಹುಬೆಳೆಯೂ ಎಲ್ಲರನ್ನೂ ಕಾಯಲಿಲ್ಲ. ಆದ್ದರಿಂದ ಹಳೆಯದಕ್ಕೆ ಹಿಂದಿರುಗಿರಿ ಎಂಬುದು ನಮ್ಮ ವಾದವಲ್ಲ. ಕೂಲಿ ಇಂದು ನ್ಯಾಯವಾಗಿ ದುಬಾರಿಯಾಗಿದೆ. ಹತ್ತು ಬೆಳೆಯನ್ನು ಹತ್ತು ಸಲ ಕೊಯ್ಯಿರಿ ಎಂದು ನಗರದಲ್ಲಿ ಕುಳಿತು ಉಪದೇಶಿಸುವುದು ಸುಲಭ. ಎರಡು ಸಾಲು ಜೋಳ, ಒಂದು ಸಾಲು ತೊಗರಿ, ಅಂಚಿಗೆ ನಾಲ್ಕು ಬಗೆ, ಮೂರು ವರ್ಷಕ್ಕೊಮ್ಮೆಯಾದರೂ ಬೆಳೆಯ ಬದಲಾವಣೆ: ಇಷ್ಟನ್ನು ಯಂತ್ರ, ತಳಿ, ವಿಜ್ಞಾನಗಳೊಂದಿಗೇ ಮಾಡಬಹುದು. ಇಂದಿಗೂ ತೊಗರಿಯ ನಡುವೆ ಹೆಸರು ಉದ್ದು ಬಿತ್ತುವ ರೈತರು ನಮ್ಮ ಸೀಮೆಯಲ್ಲಿದ್ದಾರೆ. ನೆಲದ ಮೇಲೆ ಬೀಜವಿರುವಾಗ ಗೊಬ್ಬರ ಹಾಕಬೇಕಾದದ್ದು ಅಲ್ಲಿಗೆ.

ಸರ್ಕಾರದ ಧೋರಣೆಯ ತೊಡಕು ಎಲ್ಲಿದೆಯೆಂದರೆ, ಬೆಂಬಲ ಬೆಲೆ, ವಿಮೆ, ಸಹಾಯಧನ ಎಲ್ಲವೂ ಬೆಳೆಯ ಹೆಸರಿಗೆ ಬರುತ್ತವೆ. ಹೊಲದ ಹೆಸರಿಗೆ ಬರುವುದಿಲ್ಲ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಅದಕ್ಕೂ ಮೊದಲೇ ಕರ್ನಾಟಕ ಸರ್ಕಾರ ‘ರೈತ ಸಿರಿ’ ಯೋಜನೆಯಲ್ಲಿ ಸಿರಿಧಾನ್ಯ ಬೆಳೆಯುವವರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಘೋಷಿಸಿತ್ತು. ಉದ್ದೇಶ ಒಳ್ಳೆಯದು. ಆದರೆ ಹೆಕ್ಟೇರು ತುಂಬ ನವಣೆಯೊಂದನ್ನೇ ಬಿತ್ತಿದರೂ ಅದು ಒಂಟಿಬೆಳೆಯೇ ತಾನೇ? ನಾಳೆ ನವಣೆಯ ಬೆಲೆ ಕುಸಿದರೆ ಆ ರೈತನ ಗತಿ ತೊಗರಿಯವನ ಗತಿಯೇ. ಒಂದು ಹೊಲದಲ್ಲಿ ಎಷ್ಟು ಬಗೆಯ ಬೆಳೆಯಿದೆ, ವರ್ಷದಲ್ಲಿ ಎಷ್ಟು ತಿಂಗಳು ನೆಲ ಹಸುರಾಗಿದೆ ಎಂಬುದನ್ನು ನೋಡಿ ನೆರವು ಕೊಡುವ ಕ್ರಮ ಬರಬೇಕು. ಪಡಿತರಕ್ಕೆ ಆಯಾ ಜಿಲ್ಲೆಯ ಜೋಳವನ್ನು ಆಯಾ ಜಿಲ್ಲೆಯಲ್ಲೇ ಕೊಂಡು, ತಪ್ಪದೆ, ಒಳ್ಳೆಯ ಗುಣಮಟ್ಟದಲ್ಲಿ ಹಂಚಬೇಕು. ಬೆಳೆಹಾನಿಯ ಪರಿಹಾರ ಪಹಣಿಯವನನ್ನು ದಾಟಿ, ಉತ್ತು ಬಿತ್ತಿದವನನ್ನು ತಲುಪಬೇಕು.

ಸರ್ಕಾರಕ್ಕೆ ಹೇಳುವುದು ಸುಲಭ. ನಮಗೆ ನಾವು ಹೇಳಿಕೊಳ್ಳುವುದು ಕಷ್ಟ. ಆ ಆರು ಎಕರೆಯ ಮನೆಯವರು ಮುಂದಿನ ಯುಗಾದಿಯಿಂದ ಲಾವಣಿ ಬಿಟ್ಟು ಪಾಲಿಗೆ ಕೊಟ್ಟರು. ಹಳೆಯ ದಂಪತಿ ಮರಳಿದರು ಎಂದು ಬರೆಯಲು ನಮಗೂ ಆಸೆ. ಅವರು ಮರಳಲಿಲ್ಲ, ಈಗಲೂ ಕಟ್ಟಡದ ಕೆಲಸದಲ್ಲಿದ್ದಾರೆ. ಬೇರೊಂದು ಮನೆಯವರು ಮೂರು ವರ್ಷದ ಮಾತಿನ ಮೇಲೆ ಹೊಲ ಹಿಡಿದರು. ಬೀಜದ ಖರ್ಚಿನಲ್ಲಿ ಅರ್ಧ ಮಾಲೀಕರದು, ನಷ್ಟದಲ್ಲಿಯೂ ಅರ್ಧ. ಮೂರು ಎಕರೆಗೆ ಜೋಳ ತೊಗರಿ ಕೂಡಿಸಿ ಬಿತ್ತುವುದೆಂದು ಮಾತಾಯಿತು. ಪುಂಡಿ ಮತ್ತು ಹೆಸರಿನ ಸಾಲುಗಳನ್ನು ಸೇರಿಸಿದವಳು ಆ ಮನೆಯ ಸೊಸೆ. ಯಾರೂ ಅವಳಿಗೆ ಹೇಳಿರಲಿಲ್ಲ. ಮೊದಲ ವರ್ಷ ಮಾಲೀಕರ ಕೈಗೆ ಬಂದದ್ದು ಹಿಂದಿನ ಲಾವಣಿಗಿಂತ ಕಡಿಮೆ. ಹಕ್ಕಿಗಳು ತಮ್ಮ ಪಾಲು ತೆಗೆದುಕೊಂಡವು. ಆದರೆ ಎರಡು ಚೀಲ ಜೋಳ ಹೈದರಾಬಾದಿಗೆ ಬಂತು, ಹೊಲ ಹಿಡಿದ ಮನೆಯವರು ಆ ವರ್ಷ ಗುಳೆ ಹೋಗಲಿಲ್ಲ. ಒಂದು ಹೊಲದ ಅನುಭವದಿಂದ ಸಿದ್ಧಾಂತ ಕಟ್ಟುವಂತಿಲ್ಲ. ಆದರೂ ಊರಿನಲ್ಲಿ ಹೊಲವಿರುವ ನಮ್ಮ ಪ್ರತಿಯೊಬ್ಬ ಓದುಗರೂ ಈ ಯುಗಾದಿಗೆ ಲಾವಣಿಯ ರೊಕ್ಕ ಎಣಿಸಿಕೊಳ್ಳುವ ಮೊದಲು, ಹೊಲದಲ್ಲಿ ಏನು ಬಿತ್ತುತ್ತೀರಿ, ಎಷ್ಟು ವರ್ಷ ಇರುತ್ತೀರಿ, ಬೆಳೆ ಹೋದರೆ ಏನು ಮಾಡುತ್ತೀರಿ ಎಂಬ ಮೂರು ಪ್ರಶ್ನೆಗಳನ್ನು ಕೇಳಲಿ ಎಂಬುದು ನಮ್ಮ ವಿನಂತಿ. ಮೂರನೆಯ ಪ್ರಶ್ನೆಯ ಉತ್ತರದಲ್ಲಿ ತಮ್ಮ ಹೆಸರೂ ಇರಲಿ. ಹೊಲವಿಲ್ಲದವರು ತಿಂಗಳಿಗೆ ನಾಲ್ಕು ಕಿಲೋ ಜೋಳವನ್ನಾದರೂ ಬೆಳೆದವರಿಂದ ಕೊಂಡು ರೊಟ್ಟಿ ಮಾಡಲಿ; ಮಾಡಲು ಬಾರದವರಿಗೆ ಕಲಿಸಿಕೊಡಲು ನಮ್ಮ ಬಳಗದಲ್ಲಿ ಹಿರಿಯರಿದ್ದಾರೆ.

ಈ ಬಾರಿಯ ಎಳ್ಳಮಾವಾಸ್ಯೆಗೆ ಭಜ್ಜಿಯ ಗಡಿಗೆಗೆ ಪುಂಡಿಯೂ ಹಸಿ ತೊಗರಿಯೂ ಆ ಹೊಲದಿಂದ ಬರುತ್ತವೆಂದು ಮಾತಾಗಿದೆ. ಉಳಿದದ್ದನ್ನು ಮೋಂಡಾ ಮಾರುಕಟ್ಟೆಯಿಂದಲೇ ತರಬೇಕು. ಜೊತೆಗೆ ಇನ್ನೊಂದನ್ನೂ ನಿಶ್ಚಯಿಸಿದ್ದೇವೆ. ಗಚ್ಚಿಬೌಲಿಯ ಆ ತಗಡಿನ ಜೋಪಡಿಗಳಲ್ಲಿರುವ ನಮ್ಮ ಕಡೆಯವರನ್ನು ಈ ವರ್ಷ ಹಬ್ಬಕ್ಕೆ ಕರೆಯುತ್ತೇವೆ. ಚರಗ ಚೆಲ್ಲುವುದು ಹೇಗೆಂದು ನಮಗಿಂತ ಚೆನ್ನಾಗಿ ಅವರಿಗೆ ಗೊತ್ತು.